ಒಳಜೇಬಿನ ಅರಿಶಿನ

ಉದ್ದನಪಲ್ಲಿಯ ಮುನಿಶಾಮಿ ಹೋದ ಕಾರ್ತೀಕದಲ್ಲಿ ತೀರಿಕೊಂಡ. ವಯಸ್ಸು ಮೂವತ್ತೊಂದು. ಅವನು ಇರುವ ತನಕ ನಾನು ಬಾಯಿ ಬಿಡುವ ಹಾಗಿರಲಿಲ್ಲ. ಅವನ ಅಕ್ಕ ರಾಮಕ್ಕನಿಗೆ ಮಾತು ಕೊಟ್ಟಿದ್ದೆ. ಅವನೇ ಹೋದ ಮೇಲೆ ಆ ಮಾತೂ ಮುಗಿಯಿತು ಅಂದುಕೊಂಡಿದ್ದೇನೆ. ರಾಮಕ್ಕ ಹಾಗೇನೂ ಹೇಳಿ ಕಳಿಸಿಲ್ಲ. ನನಗೆ ಅನುಕೂಲವಾದದ್ದನ್ನು ಅಂದುಕೊಳ್ಳುವುದು ನನ್ನ ಹಳೇ ಚಾಳಿ.

ನನ್ನ ಹೆಸರು ಲಕ್ಷ್ಮೀಪತಿ. ಹೊಸೂರು ಪೇಟೆಯವನು, ಮೂರು ತಲೆಮಾರಿನಿಂದ ಮೇಷ್ಟರು ಗುಮಾಸ್ತರ ಮನೆ ನಮ್ಮದು. ಕನ್ನಡ, ತಮಿಳು, ತೆಲುಗು ಹುಟ್ಟಿನಿಂದ ಬಂದವು, ಇಂಗ್ಲಿಷು ಟೈಪಿಂಗ್ ಜೊತೆ ಬಂತು. ನಾಲ್ಕು ಭಾಷೆ ಬಲ್ಲೆ ಅನ್ನುವ ಜಂಬ ನನಗೆ ಬಹಳ ಇತ್ತು. ಎಂಬತ್ನಾಲ್ಕನೇ ಇಸವಿಯ ಶ್ರಾವಣದಲ್ಲಿ ಒಂದು ದಿನ ಆ ನಾಲ್ಕರಲ್ಲಿ ಎರಡನ್ನು ಬಳಸಿ ನಾನು ಮಾಡಿದ ಕೆಲಸಕ್ಕೆ ನರಕದಲ್ಲೂ ಜಾಗ ಸಿಗಲಿಕ್ಕಿಲ್ಲ. ಆದರೆ ಇದು ನನ್ನ ಕಥೆ ಅಲ್ಲ, ರಾಮಕ್ಕನದು. ಅವಳದನ್ನು ಹೇಳಹೊರಟರೆ ನಾನು ನಡುವೆ ಬರುತ್ತೇನೆ, ಏನು ಮಾಡಲಿ.

ರಾಮಕ್ಕನ ತಾಯಿ ಸತ್ತಾಗ ಅವಳಿಗೆ ಹನ್ನೆರಡು, ತಮ್ಮ ಮುನಿಶಾಮಿಗೆ ಆರು. ಮುದ್ದೆ ಕೋಲು ಅವತ್ತೇ ಅವಳ ಕೈಗೆ ಬಂತು. ತಮ್ಮನ ತಲೆಗೆ ಎಣ್ಣೆ ಹಾಕಿ, ಗೊಣ್ಣೆ ಒರೆಸಿ, ಕೈಗೆ ಸ್ಲೇಟು ಕೊಟ್ಟು ಸ್ಕೂಲಿಗೆ ಅಟ್ಟಿದವಳು ಅವಳೇ. ಸ್ಕೂಲು ತಮಿಳಿನದು, ಮನೆಮಾತು ಕನ್ನಡ, ಪಕ್ಕದ ಮನೆಯವರದು ತೆಲುಗು. ನಮ್ಮ ಕಡೆ ಇದೊಂದು ವಿಶೇಷವೇ ಅಲ್ಲ. ಮುನಿಶಾಮಿ ಬರೆಯುತ್ತಿದ್ದದ್ದು ತಮಿಳಿನಲ್ಲಿ, ಬೈಯುತ್ತಿದ್ದದ್ದು ತೆಲುಗಿನಲ್ಲಿ, ಅಳುತ್ತಿದ್ದದ್ದು ಮಾತ್ರ ಕನ್ನಡದಲ್ಲಿ.

ಅವಳನ್ನು ಜವಳಗಿರಿ ಕಾಡಿನ ಅಂಚಿನ ಒಂದು ಊರಿಗೆ ಕೊಟ್ಟರು. ಗಂಡ ಆವುಲಪ್ಪ. ಮದುವೆಯಾದ ಎರಡನೇ ವರ್ಷ ರಾಗಿ ಹೊಲ ಕಾಯಲು ಹೋದವನನ್ನು ಆನೆ ತುಳಿಯಿತು. ರಾಮಕ್ಕ ತವರಿಗೆ ವಾಪಸ್ಸು ಬಂದು, ಹೊಸೂರಿನಲ್ಲಿ ಗಂಡನಿಲ್ಲದ ಹೆಂಗಸರಿಗೆ ಅಂತ ನಡೆಸುತ್ತಿದ್ದ ಹೊಲಿಗೆ ತರಗತಿಗೆ ಸೇರಿದಳು. ಆರು ತಿಂಗಳಿಗೆ ಅವಳ ಹೊಲಿಗೆ ಹೇಗಾಯಿತೆಂದರೆ, ಕಲಿಸುವ ಶ್ಯಾಮಲಮ್ಮನವರೇ ತಮ್ಮ ರವಿಕೆಗಳನ್ನು ಅವಳ ಕೈಗೆ ಕೊಡುತ್ತಿದ್ದರು. ಎಪ್ಪತ್ತೇಳರಲ್ಲಿ ಮುನಿಶಾಮಿ ಕೃಷ್ಣಗಿರಿ ಮೈದಾನದಲ್ಲಿ ಓಡಿ, ಎದೆ ಅಳತೆ ಕೊಟ್ಟು, ಮಿಲಿಟರಿಗೆ ಆಯ್ಕೆಯಾದ. ಅವತ್ತಿನಿಂದ ರಾಮಕ್ಕ ಎರಡು ದಿನ ಅನ್ನ ಬಿಟ್ಟಳಂತೆ. ಮೂರನೇ ದಿನ ಎದ್ದು ಇಡೀ ಊರಿಗೆ ಬೆಲ್ಲ ಹಂಚಿದಳಂತೆ.

ಎಪ್ಪತ್ತೊಂಬತ್ತರಲ್ಲಿ ಅವಳು ನಮ್ಮ ಶೆಡ್ಡಿಗೆ ಬಂದಳು. ಶೆಡ್ಡು ಜೂಜುವಾಡಿಯಲ್ಲಿ, ರಾಜ್ಯದ ಗಡಿಗೆ ಅಂಟಿಕೊಂಡು, ಲಾರಿಗಳು ಸಾಲುಗಟ್ಟಿ ನಿಲ್ಲುವ ಕಡೆ. ಮೂವತ್ತು ಮಿಷನ್ನು, ಮೂವತ್ತೈದು ಹೆಂಗಸರು, ಒಬ್ಬ ಗುಮಾಸ್ತ. ಆ ಗುಮಾಸ್ತ ನಾನು. ಯಜಮಾನರನ್ನು ತಮಿಳಿನವರು ಮೊದಲಾಳಿ ಅನ್ನುತ್ತಿದ್ದರು, ನಾವೂ ಹಾಗೇ ಅಂದೆವು. ಆ ವರ್ಷ ನಮಗೆ ಸಿಕ್ಕ ದೊಡ್ಡ ಆರ್ಡರು ಮಿಲಿಟರಿಯದು: ಹತ್ತಿ ತುಂಬಿದ ಚಳಿಕೋಟು, ಹಿಮ ಬೀಳುವ ಕಡೆ ಕಾವಲಿರುವ ಸಿಪಾಯಿಗಳಿಗೆ. ಅದು ಗೊತ್ತಾದದ್ದೇ ರಾಮಕ್ಕ ಉದ್ದನಪಲ್ಲಿಯಿಂದ ಬೆಳಗಿನ ಮೊದಲ ಬಸ್ಸು ಹಿಡಿದು ಬಂದು ನನ್ನ ಮೇಜಿನ ಮುಂದೆ ನಿಂತಳು. ಕೂಲಿ ಎಷ್ಟು ಅಂತಲೂ ಕೇಳಲಿಲ್ಲ.

ಅವಳಿಗೆ ಕೊನೆಯ ಕೆಲಸ ಕೊಟ್ಟೆವು. ಗುಂಡಿ ಹಾಕುವುದು, ದಾರದ ತುದಿ ಕತ್ತರಿಸುವುದು, ಮಡಚುವುದು. ಹಾಗಾಗಿ ಪ್ರತಿ ಕೋಟೂ ಅವಳ ಕೈ ದಾಟಿಯೇ ಹೋಗುತ್ತಿತ್ತು. ಒಂದು ದಿನ ನೋಡುತ್ತೇನೆ, ಮಡಚುವ ಮುಂಚೆ ಅವಳು ಮಡಿಲಿನಿಂದ ಮುಲಾಮಿನ ಹಳೇ ಡಬ್ಬಿಯೊಂದನ್ನು ತೆಗೆದು, ಉಂಗುರದ ಬೆರಳು ಅದ್ದಿ, ಕೋಟಿನ ಒಳಜೇಬನ್ನು ತಿರುವಿ ಮೂಲೆಗೆ ಒತ್ತಿದಳು. ತೇಯ್ದ ಅರಿಶಿನ.

"ಏನು ರಾಮಕ್ಕ ಇದು?" ಎಂದೆ.

"ಹೊಸ ಬಟ್ಟೆ ಅಲ್ವಾ ಸಾಮಿ. ಅರಿಶ್ನ ಮುಟ್ಟಿಸ್ದೆ ಮೈಮ್ಯಾಲೆ ಹಾಕ್ತಾರಾ?"

"ಇದು ಮಿಲಿಟರಿ ಕೋಟು ಕಣಮ್ಮ."

"ಮಿಲಿಟ್ರಿಯೋರ್ಗೆ ಅಕ್ತಂಗೇರು ಇರಾಕಿಲ್ವಾ?"

ಪಕ್ಕದ ಮಿಷನ್ನಿನ ಕದಿರಮ್ಮ ಬಾಯಿ ಹಾಕಿದಳು, ಗಂಡ ಸತ್ತವಳು ಅರಿಶಿನ ಮುಟ್ಟುವುದು ಯಾವ ಊರಿನ ಸಂಪ್ರದಾಯ ಅಂತ. ರಾಮಕ್ಕ ತಲೆ ಎತ್ತದೆ ಹೇಳಿದಳು, "ನಾನೇನು ಕೆನ್ನೆಗೆ ಬಳ್ಕೊತಾ ಇದೀನಾ? ನನ್ ತಮ್ಮನ ಬಟ್ಟೆಗೆ ನಾನೇ ಇಕ್ಬೇಕು, ಇನ್ಯಾರು ಇಕ್ತಾರೆ?" ಕದಿರಮ್ಮ ಮತ್ತೆ ಮಿಷನ್ನು ತುಳಿಯತೊಡಗಿದಳು. ನಾನೂ ತಡೆಯಲಿಲ್ಲ. ನಮ್ಮ ಮನೆಯಲ್ಲೂ ಹೊಸ ಬಟ್ಟೆಯ ತುದಿಗೆ ಅರಿಶಿನ ಹಚ್ಚದೆ ನನ್ನ ಹೆಂಡತಿ ಜಾನಕಮ್ಮ ಉಡಲು ಬಿಡುವುದಿಲ್ಲ. ಜೇಬಿನ ಒಳಗಿನ ಮೂಲೆ, ಯಾರು ನೋಡುತ್ತಾರೆ. ಎರಡು ವರ್ಷದಲ್ಲಿ ಆರು ಸಾವಿರ ಕೋಟು ಹೋದವು. ಆರು ಸಾವಿರಕ್ಕೂ ಅವಳು ಅರಿಶಿನ ಇಟ್ಟಳು.

ಮುನಿಶಾಮಿಯ ಕಾಗದಗಳು ಶೆಡ್ಡಿನ ವಿಳಾಸಕ್ಕೇ ಬರುತ್ತಿದ್ದವು. ಅವಳು ಹಗಲೆಲ್ಲ ಇಲ್ಲೇ ಇರುತ್ತಿದ್ದಳು, ಅಲ್ಲದೆ ತಮಿಳು ಓದಿ ಕನ್ನಡದಲ್ಲಿ ಹೇಳಲು ನಾನಿದ್ದೆ. ಊಟದ ಹೊತ್ತಿನಲ್ಲಿ ಓದಿಸಿಕೊಳ್ಳುವಳು, ಉತ್ತರವನ್ನೂ ಬರೆಸುವಳು. ಅವನು ಹಿಮದ ಗಡಿಗೆ ಹೋಗಿದ್ದಾನೆಂದು ಕಾಗದ ಬಂದ ದಿನ ಅವಳ ಮುಖ ನೋಡಬೇಕಿತ್ತು. ಹೆದರಿಕೆಯೂ ಇತ್ತು, ಹೆಮ್ಮೆಯೂ ಇತ್ತು. "ಒಳಜೇಬು ತಿರುವಿ ನೋಡ್ಲಾ ಅಂತ ಬರೀರಿ ಸಾಮಿ. ಮೂಲ್ಯಾಗೆ ಹಳದಿ ಇದ್ರೆ ಅದು ನಿಮ್ಮಕ್ಕ ಹೊಲ್ದಿದ್ದು ಅಂತ ಬರೀರಿ," ಎಂದಳು. ಬರೆದೆ.

ಪ್ರತಿ ಕಾಗದದಲ್ಲೂ ಅವನು ಹುಡುಕಿದೆ, ಸಿಗಲಿಲ್ಲ ಎಂದೇ ಬರೆಯುತ್ತಿದ್ದ. ಎಂಬತ್ತೆರಡರಲ್ಲಿ ರಜೆಗೆ ಬಂದವನು ಅಕ್ಕನನ್ನು ನೋಡಲು ಶೆಡ್ಡಿಗೇ ಬಂದ. ಗಟ್ಟಿ ಆಳು, ನಕ್ಕರೆ ತಗಡಿನ ಮಾಡು ಅದುರಬೇಕು.

"ಕಂಡೋರ ಕೋಟಿನ ಜೇಬೆಲ್ಲ ತಡಕಾಡಿ ನಮ್ ಹವಾಲ್ದಾರ್ ಕೈಲಿ ಕಳ್ಳ ಅನ್ನುಸ್ಕೊಂಡೆ ಸಾಮಿ," ಎಂದು ನಕ್ಕ. "ಇರೋವೆಲ್ಲ ಹಳೇ ಕೋಟು. ಅದೂ ನಾಕು ಜನಕ್ಕೆ ಮೂರು. ಡ್ಯೂಟಿ ಮುಗ್ಸಿ ಇಳಿಯೋನು ಬಿಚ್ಚಿ ಹತ್ತೋನಿಗೆ ಕೊಡ್ಬೇಕು. ಒಬ್ಬನ ಬೆವರು ಇನ್ನೊಬ್ಬನ ಮೈಗೆ."

ರಾಮಕ್ಕ ನಗಲಿಲ್ಲ. "ಹಂಗಾದ್ರೆ ನಾವು ಹೊಲ್ದಿದ್ದೆಲ್ಲ ಎಲ್ಲಿಗೋಯ್ತು ಸಾಮಿ?" ಎಂದು ನನ್ನನ್ನು ಕೇಳಿದಳು.

"ದೇಶ ಏನು ಉದ್ದನಪಲ್ಲಿಯೇ? ಬೇರೆ ಕಡೆಗೆ ಹೋಗಿರುತ್ತೆ," ಎಂದೆ. ಆಗ ನನಗೂ ಗೊತ್ತಿರಲಿಲ್ಲ. ಅಷ್ಟು ಮಾತ್ರ ನನ್ನ ಪರವಾಗಿ ಹೇಳಿಕೊಳ್ಳುತ್ತೇನೆ.

ಎಲ್ಲಿಗೆ ಹೋಗಿದ್ದವೆಂದು ಆಮೇಲೆ ತಿಳಿಯಿತು. ಮಾರ್ಚ್ ತಿಂಗಳೊಳಗೆ ಕೊಟ್ಟ ಹಣ ಖರ್ಚಾಗದಿದ್ದರೆ ಮುಂದಿನ ವರ್ಷ ಕಡಿತವಾಗುತ್ತದೆ, ಅದಕ್ಕೆ ಮೇಲಿನವರು ಬೇಕಾದ್ದಕ್ಕಿಂತ ಹೆಚ್ಚು ಕೊಂಡರು. ಕೊಂಡದ್ದನ್ನು ಯಾವುದೋ ದೂರದ ಉಗ್ರಾಣದಲ್ಲಿ ಕಟ್ಟು ಬಿಚ್ಚದೆ ಪೇರಿಸಿದರು. ಗಡಿಗೆ ಸಾಗಿಸುವ ಕಾಗದಕ್ಕೆ ಸಹಿ ಹಾಕಬೇಕಾದವರಿಗೆ ಅದರಿಂದ ಏನೂ ಗಿಟ್ಟುತ್ತಿರಲಿಲ್ಲ, ಹಾಕಲಿಲ್ಲ. ನಾಲ್ಕು ವರ್ಷ ಕಳೆದ ಮೇಲೆ ಮಾಲು ಹಳೆಯದಾಯಿತೆಂದು ಚಿಂದಿಯ ಲೆಕ್ಕದಲ್ಲಿ ಹರಾಜು ಕೂಗಿದರು. ಹರಾಜಿನಲ್ಲಿ ಹಿಡಿದವರು ಯಾರು? ಇನ್ನೊಂದು ಹೆಸರಿನಲ್ಲಿ ನಮ್ಮ ಮೊದಲಾಳಿಯೇ. ಎಂಬತ್ನಾಲ್ಕರ ಬೇಸಿಗೆಯಲ್ಲಿ ಹಿಮದ ಗಡಿಯಲ್ಲಿ ಗಲಾಟೆ ಜೋರಾಗಿ, ಚಳಿಕೋಟು ತುರ್ತಾಗಿ ಬೇಕೆಂದು ಆರ್ಡರು ಬಂತು. ಹೊಸದಾಗಿ ಹೊಲಿದು ಕೊಡುವ ಕಷ್ಟ ಯಾಕೆ? ಅದೇ ಕೋಟಿಗೆ ಹೊಸ ಚೀಟಿ ಹೊಲಿದು ಅದೇ ಮಿಲಿಟರಿಗೆ ಎರಡನೇ ಸಲ ಮಾರುವುದೆಂದು ತೀರ್ಮಾನವಾಯಿತು. ದೇಶ ಕಾಯುವ ಹೆಸರು ಹೇಳಿಬಿಟ್ಟರೆ ನಮ್ಮಲ್ಲಿ ಯಾರೂ ಎದುರು ಕೇಳುವುದಿಲ್ಲ, ಕೇಳಿದವನೇ ದೇಶದ್ರೋಹಿ. ಬೇಲಿಯೇ ಎದ್ದು ಹೊಲ ಮೇಯುತ್ತಿತ್ತು. ಮೇಯ್ದದ್ದಕ್ಕೆಲ್ಲ ರಸೀದಿ ಟೈಪು ಮಾಡುತ್ತಿದ್ದವನು ನಾನು.

ಲಾರಿಗಳು ಬಂದು ಕಟ್ಟುಗಳನ್ನು ಇಳಿಸಿದವು. ಹೆಂಗಸರಿಗೆ ರಿಪೇರಿ ಕೆಲಸ ಎಂದು ಹೇಳಿದೆವು. ಹಳೆ ಚೀಟಿ ಬಿಚ್ಚಿ, ಹೊಸ ಚೀಟಿ ಹೊಲಿದು, ಇಸ್ತ್ರಿ ಹಾಕಿ ಮಡಚಬೇಕು. ಅರ್ಧ ಗಂಟೆಯೂ ಆಗಿರಲಿಲ್ಲ, ರಾಮಕ್ಕ ಎರಡು ಕೋಟು ಹಿಡಿದು ನನ್ನ ಮೇಜಿನ ಹತ್ತಿರ ಬಂದಳು. ಎರಡರ ಒಳಜೇಬನ್ನೂ ತಿರುವಿ ತೋರಿಸಿದಳು. ಬೆರಳಗಲದ ಹಳದಿ.

"ಇವು ನಮ್ಮವೇ ಸಾಮಿ."

"ಇರಬಹುದು. ರಿಪೇರಿಗೆ ಬಂದಿವೆ."

"ಎಂಥಾ ರಿಪೇರಿ? ಹಾಕ್ಕೊಂಡ ಬಟ್ಟೆ ಅಲ್ಲ ಇದು. ಅರಿಶ್ನದ ಬಟ್ಟೆ ಒಂದ್ಸಲ ಸೋಪಿಗೆ ಬಿದ್ರೆ ಕೆಂಪಾಯ್ತದೆ. ಬಿಸ್ಲಿಗೆ ಬಿದ್ರೆ ಬಿಳುಚ್ಕೊಳ್ತದೆ. ಇದು ನಾನು ಇಕ್ಕಿದಂಗೇ ಐತೆ. ಇದ್ನ ಯಾರೂ ಮೈಮ್ಯಾಲೇ ಹಾಕಿಲ್ಲ. ಕಟ್ಟೇ ಬಿಚ್ಚಿಲ್ಲ."

ಯಾವ ಆಡಿಟ್ಟಿನವರಿಗೂ ಕಾಣದ್ದು ಅವಳಿಗೆ ಕಂಡುಬಿಟ್ಟಿತ್ತು. ನಾನು ಏನೋ ಹೇಳಹೊರಟೆ. ಅವಳು ನನ್ನ ಕೈ ಹಿಡಿದು ಕೋಟಿನ ಎದೆಯ ಮೇಲೆ ಇಡಿಸಿದಳು. ಐದು ವರ್ಷದಲ್ಲಿ ಅವಳು ನನ್ನನ್ನು ಮುಟ್ಟಿದ್ದು ಅದೊಂದೇ ಸಲ. ಎದೆಯ ಭಾಗದಲ್ಲಿ ಎರಡು ಪದರ ಬಟ್ಟೆ ಬಿಟ್ಟರೆ ಏನೂ ಇರಲಿಲ್ಲ. ಹೊಲಿಸುವಾಗ ಮೊದಲಾಳಿ ದಾರ ಉಳಿಸಲು ಅಡ್ಡಹೊಲಿಗೆ ಕಮ್ಮಿ ಮಾಡಿಸಿದ್ದರು. ನಾಲ್ಕು ವರ್ಷ ತೇವದಲ್ಲಿ ಬಿದ್ದು ಹತ್ತಿ ಗಂಟುಗಟ್ಟಿ, ಪೂರಾ ಸೊಂಟದ ಕಡೆಗೆ ಇಳಿದಿತ್ತು.

"ನನ್ ತಮ್ಮ ಅಲ್ಲಿ ಹಿಮದಾಗವ್ನೆ ಸಾಮಿ," ಎಂದಳು. "ಇದ್ನ ಬಿಚ್ಚಿ ಹತ್ತಿ ಎಕ್ಕಿಸಿ, ಗಂಟು ಬಿಡ್ಸಿ ತುಂಬ್ಸಿ. ಹೊಲ್ಯೋದು ನಾವು ಹೊಲ್ಕೊಡ್ತೀವಿ. ಕೂಲಿ ಬ್ಯಾಡ. ಕದಿರಮ್ಮನೂ ಬ್ಯಾಡ ಅಂದವ್ಳೆ. ಮೊದ್ಲಾಳಿಗೆ ಒಂದು ಮಾತು ಹೇಳಿ."

ಹೇಳಿದೆ. ಮೊದಲಾಳಿ ಪೇಪರಿನಿಂದ ತಲೆ ಎತ್ತದೆ, ದಿನ ಇಲ್ಲ ಎಂದರು. ಬಂದು ಅವಳಿಗೆ, "ಸುಮ್ಮನಿರು ರಾಮಕ್ಕ, ದೊಡ್ಡವರ ವಿಷಯ" ಎಂದೆ. ಅವಳು ವಾಪಸ್ಸು ಹೋಗಿ ಕುಳಿತಳು. ಸುಮ್ಮನಿರುತ್ತಾಳೆ ಅಂದುಕೊಂಡೆ.

ಶ್ರಾವಣದಲ್ಲಿ ಮಾಲು ಪರೀಕ್ಷೆ ಮಾಡುವ ಸಾಹೇಬರು ಬಂದರು. ಉತ್ತರದ ಕಡೆಯವರು, ಕನ್ನಡ ತಮಿಳು ಎರಡೂ ಬಾರದು. ಅವರಿಗಾಗಿ ಹೊಸ ಹತ್ತಿ ತುಂಬಿದ ಹತ್ತು ಕೋಟು ಮೇಜಿನ ಮೇಲೆ ಸಿದ್ಧವಿದ್ದವು. ಎಳನೀರು ಕುಡಿದು, ಹತ್ತನ್ನೂ ಹಿಸುಕಿ ನೋಡಿ, ಸಹಿ ಮಾಡಲು ಪೆನ್ನು ತೆಗೆದರು. ಆಗ ರಾಮಕ್ಕ ತನ್ನ ಜಾಗದಿಂದ ಎದ್ದು ಬಂದಳು. ಕೈಯಲ್ಲಿ ಕಟ್ಟಿನಿಂದ ಎಳೆದ ಕೋಟು. ನೇರವಾಗಿ ಅವರ ಮುಂದೆ ಹಿಡಿದು, ಒಳಜೇಬು ತಿರುವಿ, ಒಂದೇ ಉಸಿರಿಗೆ ಹೇಳಿದಳು:

"ಸಾರ್, ಇದು ನಾಕು ವರ್ಷದಿಂದೆ ನಾನು ಹೊಲ್ದ ಕೋಟು. ನನ್ ಗುರ್ತು ಇಲ್ಲೈತೆ. ಇದ್ನ ಯಾರ್ಗೂ ಕೊಡ್ದೆ ಕೊಳೆಸ್ಬುಟ್ಟು ತಿರ್ಗಾ ನಿಮ್ಗೇ ಮಾರ್ತಾವ್ರೆ. ಎದೆ ಮುಟ್ಟಿ ನೋಡಿ, ಹತ್ತಿನೇ ಇಲ್ಲ. ನಮ್ ಹುಡುಗ್ರು ಸತ್ತೋಯ್ತಾರೆ ಸಾರ್."

ಶೆಡ್ಡಿನಲ್ಲಿ ಮಿಷನ್ನುಗಳೆಲ್ಲ ನಿಂತವು. ಸಾಹೇಬರು ಏನು ಹೇಳುತ್ತಿದ್ದಾಳೆ ಎಂಬಂತೆ ನನ್ನ ಕಡೆ ತಿರುಗಿದರು. ಮೊದಲಾಳಿಯೂ ನನ್ನನ್ನೇ ನೋಡಿದರು. ಮೂವರು ಹೆಣ್ಣುಮಕ್ಕಳ ತಂದೆ ನಾನು, ನಲವತ್ತೆಂಟು ವಯಸ್ಸು, ಇಲ್ಲಿಂದ ಹೊರಬಿದ್ದರೆ ಯಾರು ಕೆಲಸ ಕೊಡುತ್ತಾರೆ. ಇದೆಲ್ಲ ನಾನು ಆಮೇಲೆ ಜೋಡಿಸಿಕೊಂಡ ಕಾರಣ. ಆ ಗಳಿಗೆಯಲ್ಲಿ ನನಗೆ ಅನಿಸಿದ್ದು ಬರೀ ಹೆದರಿಕೆ.

ನಾನು ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟು: "ಈ ಹೆಂಗಸು ತಪ್ಪೊಪ್ಪಿಕೊಳ್ಳುತ್ತಿದ್ದಾಳೆ ಸರ್. ಮೂಢನಂಬಿಕೆಯಿಂದ ಕೋಟುಗಳಿಗೆ ಅರಿಶಿನ ಹಚ್ಚಿಬಿಟ್ಟಿದ್ದಾಳಂತೆ. ದೊಡ್ಡ ಮನಸ್ಸು ಮಾಡಿ ಕ್ಷಮಿಸಬೇಕಂತೆ."

ಸಾಹೇಬರು ನಕ್ಕರು. ಬೆನ್ನು ಹಿಂದಕ್ಕೆ ಒರಗಿಸಿ ಚೆನ್ನಾಗಿಯೇ ನಕ್ಕರು. ಹಳ್ಳಿಯ ಜನ ಎಲ್ಲಾ ಕಡೆಯೂ ಒಂದೇ ಎಂದು ಹೇಳಿ ಸಹಿ ಮಾಡಿದರು. ಅವರು ಲಂಚದವರೋ ಪ್ರಾಮಾಣಿಕರೋ ನನಗೆ ಇವತ್ತಿಗೂ ಗೊತ್ತಿಲ್ಲ. ಪ್ರಾಮಾಣಿಕರೇ ಆಗಿದ್ದರೆ ನನ್ನ ಪಾಪ ಇನ್ನೂ ದೊಡ್ಡದು. ನಿಜವನ್ನು ನಿಜವಾಗಿ ಹೇಳಿದ್ದರೆ ಅವರು ಪೆನ್ನು ಕೆಳಗಿಡುತ್ತಿದ್ದರೋ ಏನೋ. ರಾಮಕ್ಕ ಸಾಹೇಬರ ಮುಖವನ್ನೂ ನನ್ನ ಮುಖವನ್ನೂ ನೋಡಿದಳು. ಕೋಟು ಮಡಚಿ ಮೇಜಿನ ಮೇಲಿಟ್ಟು ಹೋದಳು.

ಮೊದಲಾಳಿಗೆ ನನ್ನ ಸುಳ್ಳಿನಲ್ಲಿ ನನಗೇ ಕಾಣದ ಲಾಭ ಕಂಡಿತು. ಹೊಚ್ಚಹೊಸ ಕೋಟುಗಳನ್ನು ಒಂದೂ ಬಳಸದೆ ಹರಾಜು ಹಾಕಿದ್ದೇಕೆ ಎಂದು ಮೇಲಿನ ಕಚೇರಿಯಿಂದ ಒಂದು ಪ್ರಶ್ನೆ ಬಂದು, ಉಗ್ರಾಣದವರು ಉತ್ತರವಿಲ್ಲದೆ ಒದ್ದಾಡುತ್ತಿದ್ದರಂತೆ. ಈಗ ಉತ್ತರ ಸಿಕ್ಕಿತು. ಕೋಟುಗಳೆಲ್ಲ ಕಲೆಯಾಗಿ ಬಳಸಲು ಬಾರದಾಗಿದ್ದವು, ಕಲೆ ಮಾಡಿದವಳು ಒಬ್ಬ ಅವಿದ್ಯಾವಂತ ಕೆಲಸದವಳು. ಮೊಸರು ತಿಂದ ಕೋತಿ ಮೇಕೆಯ ಬಾಯಿಗೆ ಒರೆಸಿತಂತೆ. ಆರು ಸಾವಿರ ಕೋಟಿನ ನಷ್ಟ, ನಾಲ್ಕು ವರ್ಷದ ಕೊಳೆತ, ದೊಡ್ಡದೊಡ್ಡವರ ಸಹಿ, ಎಲ್ಲವೂ ಸೇರಿ ಉದ್ದನಪಲ್ಲಿಯ ರಾಮಕ್ಕನ ಉಂಗುರದ ಬೆರಳಿಗೆ ಬಂದು ನಿಂತಿತು. ಹೇಳಿಕೆಯನ್ನು ಇಂಗ್ಲಿಷಿನಲ್ಲಿ ನಾನೇ ಟೈಪು ಮಾಡಿದೆ.

"ಏನು ಬರ್ದೈತೆ ಸಾಮಿ?" ಎಂದು ಕೇಳಿದಳು.

"ಅರಿಶಿನ ಹಚ್ಚಿದ್ದು ನಾನೇ ಅಂತ."

"ಅದು ದಿಟವೇ," ಎಂದು ತನಗೆ ಬರೆಯಲು ಬರುತ್ತಿದ್ದ ಒಂದೇ ಪದ, ತನ್ನ ಹೆಸರು, ತಮಿಳಿನಲ್ಲಿ ನಿಧಾನವಾಗಿ ಬರೆದಳು. ಮಾರನೇ ವಾರ ಅವಳನ್ನು ಕೆಲಸದಿಂದ ತೆಗೆದರು. ಹೋಗುವಾಗ ಅರಿಶಿನದ ಖಾಲಿ ಡಬ್ಬಿಯನ್ನು ಮಿಷನ್ನಿನ ಮೇಲೆ ಬಿಟ್ಟು ಹೋದಳು. ಕೋಟುಗಳು ಭಾದ್ರಪದದಲ್ಲಿ ಉತ್ತರಕ್ಕೆ ಹೋದವು. ಆ ಗೌರಿಹಬ್ಬಕ್ಕೆ ಜಾನಕಮ್ಮ ನನಗೊಂದು ಹೊಸ ಅಂಗಿ ತಂದು, ಎಂದಿನಂತೆ ಕಾಲರಿನ ಹಿಂದೆ ಅರಿಶಿನ ಮುಟ್ಟಿಸಿ ಕೊಟ್ಟಳು. ಹಾಕಿಕೊಳ್ಳಲು ಆಗಲಿಲ್ಲ. ಯಾಕೆ ಎಂದು ಕೇಳಿದವಳಿಗೆ ಬಿಗಿ ಎಂದೆ.

ಎಂಬತ್ತೈದರ ಜನವರಿಯಲ್ಲಿ ಶೆಡ್ಡಿಗೆ ಒಂದು ಕಾಗದ ಬಂತು. ಮುನಿಶಾಮಿಯದು. ಅಕ್ಕನಿಗೆ ಕೆಲಸ ಹೋದದ್ದು ಅವನಿಗೆ ಗೊತ್ತಿರಲಿಲ್ಲ. ತಿಳಿಸಿ ಬರೆಯಬೇಕಾದವನು ನಾನಲ್ಲವೇ. ಒಡೆದು ಓದಿದೆ. "ಅಕ್ಕ, ಸಿಕ್ಕಿಬಿಟ್ಟಿತು. ಹೊಸ ಕೋಟು ಬಂದಿವೆ. ನನ್ನ ಪಾಲಿಗೆ ಬಂದದ್ದರ ಒಳಜೇಬು ತಿರುವಿ ನೋಡಿದೆ, ಹಳದಿ. ಎಲ್ಲರಿಗೂ ತೋರಿಸಿದೆ. ಹವಾಲ್ದಾರ್ ಕೂಡ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ನಾಳೆ ಇದನ್ನೇ ಹಾಕಿಕೊಂಡು ಮೇಲಿನ ಕಾವಲಿಗೆ ಹೋಗುತ್ತೇನೆ. ನೀನು ಜೊತೆಗಿದ್ದ ಹಾಗೆ ಇರುತ್ತದೆ."

ಆ ಕಾಗದವನ್ನು ನಾನು ಮೇಜಿನ ಡ್ರಾಯರಿನಲ್ಲಿ ಇಟ್ಟೆ. ಈ ಭಾನುವಾರ ಕೊಟ್ಟುಬರುತ್ತೇನೆ, ಮುಂದಿನ ಭಾನುವಾರ ಕೊಡುತ್ತೇನೆ ಅಂತ ನಾಲ್ಕು ತಿಂಗಳು ಕಳೆದೆ. ವೈಶಾಖದಲ್ಲಿ ಕದಿರಮ್ಮ ಬಂದು, ಮುನಿಶಾಮಿಯನ್ನು ಮಿಲಿಟರಿಯಿಂದ ಕಳಿಸಿಬಿಟ್ಟರಂತೆ, ಬೆರಳು ಹೋಗಿವೆಯಂತೆ, ಎದೆ ಕೆಟ್ಟಿದೆಯಂತೆ ಎಂದಳು. ಆ ಭಾನುವಾರ ಮಾತ್ರ ಉದ್ದನಪಲ್ಲಿಯ ಬಸ್ಸು ಹತ್ತಿದೆ. ಎಲ್ಲವನ್ನೂ ಹೇಳಿ ಕಾಲಿಗೆ ಬೀಳುವುದೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ.

ಮನೆಯ ಮುಂದೆ ಹಗ್ಗದ ಮಂಚ ಹಾಕಿಕೊಂಡು ಮುನಿಶಾಮಿ ಕುಳಿತಿದ್ದ. ವೈಶಾಖದ ಬಿಸಿಲಿನಲ್ಲಿ ಆ ಕೋಟು ಹಾಕಿಕೊಂಡಿದ್ದ. ಮೈ ಅರ್ಧಕ್ಕೆ ಇಳಿದಿತ್ತು. ಬಲಗೈಯಲ್ಲಿ ಹೆಬ್ಬೆರಳು, ಕಿರುಬೆರಳು ಎರಡೇ ಉಳಿದಿದ್ದವು. ನನ್ನನ್ನು ಕಂಡದ್ದೇ ಮುಖ ಅರಳಿ, "ಬರ್ರಿ ಸಾಮಿ, ನೋಡ್ರಿ ಇಲ್ಲಿ," ಎಂದು ಆ ಎರಡು ಬೆರಳಿನಿಂದಲೇ ಕಷ್ಟಪಟ್ಟು ಒಳಜೇಬು ತಿರುವಿ ತೋರಿಸಿದ. "ಬರೋವಾಗ ವಾಪಸ್ ಕೊಡ್ಬೇಕಿತ್ತು. ನಮ್ಮಕ್ಕ ಹೊಲ್ದಿದ್ದು ಅಂದೆ, ಇಟ್ಕೋ ಹೋಗ್ ಅಂದ್ರು. ನಾವಿಬ್ರು ಹಿಮದಾಗೆ ಸಿಕ್ಕಾಕ್ಕೊಂಡು ಒಂದಿನ ಪೂರಾ ಇದ್ವಿ ಸಾಮಿ. ಜೊತ್ಯಾಗಿದ್ದೋನು ಹೋಗ್ಬುಟ್ಟ. ನಾನು ಉಳ್ಕೊಂಡೆ. ಈ ಕೋಟು ಇಲ್ದಿದ್ರೆ ನಾನೂ ಹೋಗ್ತಿದ್ದೆ." ಮಾತಿನ ನಡುವೆ ಕೆಮ್ಮು ಬಂದು ಬಹಳ ಹೊತ್ತು ಬಿಡಲಿಲ್ಲ. ಜೊತೆಯಲ್ಲಿದ್ದವನ ಮೈಮೇಲೂ ನಮ್ಮ ಕೋಟೇ ಇತ್ತೋ ಏನೋ, ಕೇಳುವ ಧೈರ್ಯ ನನಗಾಗಲಿಲ್ಲ.

ರಾಮಕ್ಕ ಹುಲ್ಲಿನ ಹೊರೆ ಹೊತ್ತು ಬಂದಳು. ಹೊರೆ ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, ನೀರು ತಂದುಕೊಟ್ಟಳು. ನಾನು ಕಾಗದ ಕೊಟ್ಟೆ. ತಡವಾಯಿತು ಎಂದೆ. ಅವಳು ಅದನ್ನು ಬಿಚ್ಚದೆ ಮಡಿಲಿಗೆ ಸಿಕ್ಕಿಸಿಕೊಂಡಳು. ನಿನ್ನ ಹತ್ತಿರ ಒಂದು ಮಾತಿದೆ ಎಂದದ್ದಕ್ಕೆ ಹಿತ್ತಲಿನ ಹುಣಿಸೆ ಮರದ ಕಡೆ ನಡೆದಳು.

"ರಾಮಕ್ಕ, ಆವತ್ತು ಸಾಹೇಬರ ಮುಂದೆ ನಾನು..." ಎಂದು ಶುರು ಮಾಡಿದೆ.

"ಗೊತ್ತು ಬಿಡಿ ಸಾಮಿ."

"ನಿನಗೆ ಇಂಗ್ಲಿಷು..."

"ಇಂಗ್ಲೀಸು ಯಾಕೆ ಬೇಕು? ನಾನು ಹೇಳಿದ್ದು ನಮ್ ಹುಡುಗ್ರು ಸಾಯ್ತಾರೆ ಅಂತ. ಅದ್ನ ಕೇಳಿ ಯಾರಾನಾ ನಗ್ತಾರಾ? ಆವಪ್ಪ ನಕ್ಕಾಗ್ಲೇ ತಿಳೀತು, ನೀವು ಬ್ಯಾರೆ ಏನೋ ಹೇಳಿದ್ರಿ ಅಂತ."

ಅವಳು ಬೈಯಲಿ, ಉಗಿಯಲಿ ಎಂದು ಕಾದೆ. ಅವಳು ಬೈಯಲಿಲ್ಲ. ತನ್ನ ಬಲಗೈಯ ಉಂಗುರದ ಬೆರಳನ್ನು ನೋಡಿಕೊಂಡು ಹೇಳಿದಳು, "ಕದಿರಮ್ಮ ಅಂದಿದ್ದೇ ಸರಿಯೇನೋ. ನನ್ ಕೈ ಅರಿಶ್ನ ಆಗಿಬರ್ಲಿಲ್ಲ."

"ಹಾಗನ್ನಬೇಡ ರಾಮಕ್ಕ. ನಿನ್ನ ಅರಿಶಿನದ ತಪ್ಪಲ್ಲ ಅದು. ಕದ್ದವರ ತಪ್ಪು, ನನ್ನ ತಪ್ಪು," ಎಂದೆ. ಆ ಮಾತನ್ನಾದರೂ ಅವಳು ನಂಬಬೇಕೆಂದು ನನಗೆ ಬಹಳ ಆಸೆಯಿತ್ತು. ಆದರೆ ಒಮ್ಮೆ ಸುಳ್ಳು ಹೇಳಿದವನ ಬಾಯಿಂದ ಬಂದ ನಿಜವನ್ನು ಯಾರು ನಂಬುತ್ತಾರೆ.

ಅವಳು ಮಂಚದ ಕಡೆ ನೋಡಿದಳು. ಮುನಿಶಾಮಿ ಕೋಟಿನ ಗುಂಡಿ ಹಾಕಿಕೊಳ್ಳಲು ಒದ್ದಾಡುತ್ತಿದ್ದ. "ಅವ್ನು ಈ ಕೋಟೇ ಉಳ್ಸಿದ್ದು ಅನ್ಕೊಂಡವ್ನೆ," ಎಂದಳು. "ಮೊದ್ಲು ಬಂದ ದಿನ್ವೇ ಎದೆ ಮುಟ್ಟಿ ನೋಡ್ದೆ. ಏನೂ ಇಲ್ಲ. ಸುಮ್ನಾದೆ. ಒಳ್ಳೇದು ಸಿಕ್ಕಿದ್ರೆ ನಿನ್ ಬೆರಳೂ ಉಳೀತಿದ್ವು, ಎದೆನೂ ಉಳೀತಿತ್ತು ಕಣ್ಲಾ ಅಂತ ಹೆಂಗೇಳ್ಳಿ? ನೀವೂ ಹೇಳ್ಬ್ಯಾಡಿ. ಆವತ್ತು ನಿಮ್ಗೋಸ್ಕರ ಒಂದು ಸುಳ್ಳು ಹೇಳಿದ್ರಿ. ಇವ್ನಿರೋ ಗಂಟ ನಂಗೋಸ್ಕರ ಒಂದು ಹೇಳಿ."

ಒಪ್ಪಿಕೊಂಡೆ. ಕಾಲಿಗೆ ಬೀಳಲು ಬಂದವನಿಗೆ ಅದನ್ನೂ ಮಾಡಲಾಗಲಿಲ್ಲ. ಮಂಚದಿಂದ ಅವನು ನೋಡುತ್ತಿದ್ದ.

ಬಸ್ಸಿಗೆ ಹೊತ್ತಾಯಿತೆಂದು ಎದ್ದೆ. ಮುನಿಶಾಮಿ ನನ್ನ ತೋಳು ಹಿಡಿದು ನಿಲ್ಲಿಸಿದ. "ಸಾಮಿ, ಒಂದು ಕೇಳ್ತೀನಿ. ಇದ್ರೊಳಗೆ ಎಂಥಾ ಹತ್ತಿ ಹಾಕ್ಸಿದ್ರಿ?"

ರಾಮಕ್ಕ ಬಾಗಿಲಿನಲ್ಲಿ ನಿಂತಿದ್ದಳು.

"ಮೊದಲ ದರ್ಜೆ ಹತ್ತಿ," ಎಂದೆ. "ಅದಕ್ಕಿಂತ ಒಳ್ಳೆಯದು ನಮ್ಮ ದೇಶದಲ್ಲಿ ಸಿಗುವುದಿಲ್ಲ."

ಮುನಿಶಾಮಿ ಅಕ್ಕನ ಕಡೆ ತಿರುಗಿ ಜೋರಾಗಿ ನಕ್ಕ.